ತೊಂಬತ್ತೊಂದನೆಯ ದಿನ

ಪಶುವಿಜ್ಞಾನ ವಿಭಾಗದ ಕಚೇರಿಯಲ್ಲಿ ಲೊರೇನ್ ಕುಚೇರಾ ಇಪ್ಪತ್ತಾರು ವರ್ಷಗಳಿಂದ ಒಂದೇ ಮಾತನ್ನು ಹೇಳಿ ಹೇಳಿ ಗಂಟಲು ಒಣಗಿಸಿಕೊಂಡಿದ್ದಳು. ಆ ಮಾತು ಇಷ್ಟೇ: ತೊಂಬತ್ತೊಂದು ದಿನ. ಪಿಎಚ್‌ಡಿ ಮಾಡುತ್ತ ಪಾಠ ಹೇಳುವವರಿಗೆ, ಲ್ಯಾಬಿನಲ್ಲಿ ದುಡಿಯುವವರಿಗೆ ವಿಶ್ವವಿದ್ಯಾಲಯ ಆ ಸೆಮಿಸ್ಟರಿನ ಫೀಸನ್ನು ಪೂರ್ತಿ ಮಾಫಿ ಮಾಡುತ್ತದೆ. ಆದರೆ ಸೆಮಿಸ್ಟರಿನಲ್ಲಿ ತೊಂಬತ್ತೊಂದು ದಿನ ಕೆಲಸದಲ್ಲಿ ಇರಬೇಕು. ಒಂದು ದಿನ ಕಡಿಮೆಯಾದರೂ ಮಾಫಿ ರದ್ದು, ಇಡೀ ಫೀಸು ತಲೆಯ ಮೇಲೆ ಬೀಳುತ್ತದೆ, ಅದನ್ನು ಕಟ್ಟುವ ತನಕ ಪದವಿ ಪತ್ರ ಕೈಗೆ ಬರುವುದಿಲ್ಲ. ಭಾನುವಾರವೂ ಲೆಕ್ಕಕ್ಕೆ ಬರುತ್ತದೆ, ಹಿಮ ಬಿದ್ದು ರಜೆ ಕೊಟ್ಟ ದಿನವೂ ಬರುತ್ತದೆ. ಇದರಲ್ಲಿ ಅರ್ಥವಾಗದ್ದು ಏನಿದೆ ಎಂದು ಲೊರೇನಳಿಗೆ ಇವತ್ತಿಗೂ ಅರ್ಥವಾಗಿಲ್ಲ. ಹಸುವಿನ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳನ್ನು ಕೋಟಿಗಟ್ಟಲೆ ಎಣಿಸುವ ಈ ಬುದ್ಧಿವಂತರಿಗೆ ತೊಂಬತ್ತೊಂದರವರೆಗೆ ಎಣಿಸಲು ಬರುತ್ತಿರಲಿಲ್ಲ.

ಏಪ್ರಿಲ್ ಹನ್ನೆರಡರ ಬುಧವಾರ ಬೆಳಿಗ್ಗೆ ಪ್ರೊಫೆಸರ್ ಗಾರ್ಡನ್ ಪ್ರುಯಿಟ್ ಕೆಸರು ಮೆತ್ತಿದ ಬೂಟಿನಲ್ಲೇ ಒಳಗೆ ಬಂದ. ಕೋಟಿನ ಜೇಬಿಗೆ ಕೈ ಹಾಕಿ ಎರಡು ಟಾಫಿ, ಒಂದು ಮುರಿದ ಥರ್ಮಾಮೀಟರು, ಆಮೇಲೆ ನಾಲ್ಕು ಮಡಿಕೆಯ ಒಂದು ಲಕೋಟೆ ತೆಗೆದು ಅವಳ ಮುಂದಿಟ್ಟ.

"ರೀಕಾ ಕೊಟ್ಟಿದ್ದು. ನಿಂಗೆ ಕೊಡ್ಬೇಕಿತ್ತು, ಮರೆತೇಬಿಟ್ಟೆ. ಆದ್ರೆ ಸಹಿ ಮಾತ್ರ ಅವತ್ತೇ ಹಾಕಿದ್ದೀನಿ ನೋಡು."

"ಯಾವತ್ತು?"

"ಮಾರ್ಚ್ ಕೊನೇಲಿ."

ಹನ್ನೆರಡು ದಿನ ಆ ಕಾಗದ ಇವನ ಜೇಬಿನಲ್ಲಿ ಟಾಫಿಯ ಜೊತೆ ಸಂಸಾರ ಮಾಡಿತ್ತು. ಲೊರೇನ್ ಹಲ್ಲು ಕಚ್ಚಿಕೊಂಡು ಬಿಡಿಸಿದಳು. ರೀಕಾ, ಅಂದರೆ ಹೆಂಡ್ರಿಕಾ ವೆಲ್ಡ್‌ಹೈಜನ್, ತನ್ನ ಗುಂಡು ಅಕ್ಷರದಲ್ಲಿ ಬರೆದಿದ್ದಳು. ಕಲಿಸಿದ್ದಕ್ಕೆ ವಿಭಾಗಕ್ಕೆ ಧನ್ಯವಾದ, ಜಿಲ್ಲೆಯ ಹೈನುಗಾರಿಕೆ ಸಲಹೆಗಾರಳ ಕೆಲಸ ಸಿಕ್ಕಿದೆ, ಏಪ್ರಿಲ್ ಹದಿನೇಳರ ಸೋಮವಾರ ಸೇರಬೇಕು. ಪದ್ಧತಿಯಂತೆ ಎರಡು ವಾರ ಮೊದಲೇ ತಿಳಿಸುತ್ತಿದ್ದೇನೆ. ಕೊನೆಯ ದಿನ, ಶುಕ್ರವಾರ, ಏಪ್ರಿಲ್ ಹದಿನಾಲ್ಕು.

ಲೊರೇನ್ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಪೆನ್ನಿನ ತುದಿಯಿಂದ ಎಣಿಸಿದಳು. ಜನವರಿ ಹದಿನಾರರಿಂದ ಶುರು. ಎಣಿಸಿ ಮುಗಿಸಿ ಇನ್ನೊಮ್ಮೆ ಎಣಿಸಿದಳು. ಶುಕ್ರವಾರ ಎಂಬತ್ತೊಂಬತ್ತನೆಯ ದಿನ. ತೊಂಬತ್ತೊಂದನೆಯದು ಭಾನುವಾರ.

"ಗಾರ್ಡನ್, ಇದಕ್ಕೆ ಸಹಿ ಹಾಕೋ ಮುಂಚೆ ಓದಿದ್ರಾ?"

"ಓದ್ದೆ. ಚೆನ್ನಾಗಿ ಬರೆದಿದ್ದಾಳೆ ಹುಡುಗಿ. ಒಂದು ತಪ್ಪಿಲ್ಲ."

ಅವಳಿಗೆ ಆ ಥರ್ಮಾಮೀಟರನ್ನು ಎತ್ತಿ ಅವನ ಮೇಲೆಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ಮುಂದಿನ ಎರಡೇ ನಿಮಿಷದಲ್ಲಿ ಫೋನು ಮಾಡಿ ರೀಕಾಳನ್ನು ಕರೆಸಿದಳು.

ರೀಕಾ ಮೂವತ್ತರ ಹತ್ತಿರದ, ಎತ್ತರದ, ಮಾತು ಕಡಿಮೆಯ ಹೆಣ್ಣು. ರಾಜ್ಯದ ವಾಯವ್ಯ ಮೂಲೆಯಲ್ಲಿ ಡಚ್ಚರೇ ತುಂಬಿರುವ ಒಂದು ಊರಿನವಳು. ಅಲ್ಲಿ ಭಾನುವಾರ ದೇವರ ದಿನ, ಅವತ್ತು ಹುಲ್ಲು ಕತ್ತರಿಸುವ ಯಂತ್ರದ ಸದ್ದು ಕೇಳಿಸಿದರೆ ಸೋಮವಾರ ಪಾದ್ರಿ ಬುದ್ಧಿ ಹೇಳಲು ಮನೆಗೆ ಬರುತ್ತಾನೆ. ಐದು ವರ್ಷ ಕರುಗಳ ಹೊಟ್ಟೆನೋವಿನ ಮೇಲೆ ಕೆಲಸ ಮಾಡಿ ಮಾರ್ಚ್ ತಿಂಗಳಲ್ಲಿ ತನ್ನ ಪ್ರಬಂಧವನ್ನು ಐದು ಜನ ಪ್ರೊಫೆಸರುಗಳ ಮುಂದೆ ಸಮರ್ಥಿಸಿ ಗೆದ್ದಿದ್ದಳು. ಮೇ ತಿಂಗಳಲ್ಲಿ ಪದವಿ ಬರಬೇಕಿತ್ತು. ಆ ಪದವಿ ಪತ್ರವನ್ನು ಜೂನ್ ಒಂದರೊಳಗೆ ತೋರಿಸಿದರೆ ಮಾತ್ರ ಹೊಸ ಕೆಲಸ ಉಳಿಯುತ್ತದೆ ಎಂದು ಜಿಲ್ಲೆಯವರು ಕರಾರು ಹಾಕಿದ್ದರು.

ಲೊರೇನ್ ಎಲ್ಲವನ್ನೂ ವಿವರಿಸಿದಳು. ಶುಕ್ರವಾರ ಬಿಟ್ಟರೆ ಮಾಫಿ ಹೋಗುತ್ತದೆ, ಹದಿಮೂರು ಸಾವಿರ ಡಾಲರ್ ಬಾಕಿ ನಿಲ್ಲುತ್ತದೆ, ಅದು ನಿಂತರೆ ಪದವಿ ನಿಲ್ಲುತ್ತದೆ, ಪದವಿ ನಿಂತರೆ ಕೆಲಸ ಹೋಗುತ್ತದೆ. ರೀಕಾಳ ಮುಖ ಬಿಳುಚಿಕೊಂಡಿತು.

"ಕೆಲಸ ಬಿಡೋರು ಶುಕ್ರವಾರ ತಾನೇ ಬಿಡೋದು?" ಎಂದಳು ಮೆಲ್ಲಗೆ. "ಭಾನುವಾರ ಯಾರು ಬಿಡ್ತಾರೆ, ಲೊರೇನ್?"

"ನೀನು ಬಿಡ್ತೀಯ. ಇನ್ನೂ ಏನೂ ಕೆಟ್ಟಿಲ್ಲ ಕಣೇ, ಹೆದರ್ಬೇಡ. ನನ್ನ ಬಿಡುಗಡೆ ಫಾರ್ಮಲ್ಲಿ ಹದಿನಾರು ಅಂತ ಹಾಕ್ತೀನಿ. ಇಲ್ಲೊಂದು ಸಹಿ ಹಾಕು, ಆಯ್ತು. ಹೋಗಿ ಕಾಫಿ ಕುಡಿ."

ರೀಕಾ ಫಾರ್ಮನ್ನು ಎತ್ತಿಕೊಂಡು ಓದಿದಳು. ಇಪ್ಪತ್ತಾರು ವರ್ಷದಲ್ಲಿ ಆ ಫಾರ್ಮನ್ನು ಓದಿ ಸಹಿ ಹಾಕಿದವರು ಒಬ್ಬರೂ ಇರಲಿಲ್ಲ. ಇವಳು ಮೊದಲಿಂದ ಕೊನೆಯವರೆಗೆ ಓದಿ ಒಂದು ಜಾಗದಲ್ಲಿ ಬೆರಳಿಟ್ಟಳು.

"ಇಲ್ಲಿ 'ಕೊನೆಯದಾಗಿ ಕೆಲಸ ಮಾಡಿದ ದಿನ' ಅಂತ ಇದೆ."

"ಹೌದು."

"ನಾನು ಭಾನುವಾರ ಕೆಲಸ ಮಾಡಲ್ಲ."

"ಮಾಡು ಅಂತ ಯಾರು ಹೇಳಿದ್ರು? ಮನೇಲಿರು. ಚರ್ಚಿಗೆ ಹೋಗು. ಮಲಗು. ಬರೀ ಬರಿಯೋದಷ್ಟೇ."

"ಮಾಡದೆ ಮಾಡ್ದೆ ಅಂತ ಬರೆದ್ರೆ ಸುಳ್ಳಾಗುತ್ತೆ."

"ಹಾಗಾದ್ರೆ ಮಾಡು! ಒಂದು ಗಂಟೆ ಬಂದು ಕಂಪ್ಯೂಟರ್ ಮುಂದೆ ಕೂತ್ಕೋ."

"ಭಾನುವಾರ ಕೆಲಸ ಮಾಡಲ್ಲ ಅಂದ್ನಲ್ಲ."

ಲೊರೇನ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು. ಎದುರಿಗಿದ್ದವಳು ಜಗಳಕ್ಕೆ ಬಂದವಳಲ್ಲ, ಕಣ್ಣಲ್ಲಿ ನೀರು ಬೇರೆ ತುಂಬಿಕೊಂಡಿತ್ತು. ಹಾಗಿದ್ದೂ ಸುಳ್ಳೂ ಬೇಡ, ಕೆಲಸವೂ ಬೇಡ ಅನ್ನುವವಳಿಗೆ ಏನು ಹೇಳುವುದು?

"ಶನಿವಾರ ಬರ್ತೀನಿ," ಎಂದಳು ರೀಕಾ. "ಬೇಕಾದ್ರೆ ರಾತ್ರಿ ಹನ್ನೆರಡರವರೆಗೂ ದುಡೀತೀನಿ."

"ಶನಿವಾರ ತೊಂಬತ್ತು, ಮಾರಾಯ್ತಿ! ತೊಂಬತ್ತು! ನನಗೆ ಬೇಕಾದ್ದು ತೊಂಬತ್ತೊಂದು!"

"ಸೋಮವಾರ..."

"ಸೋಮವಾರ ನೀನು ಜಿಲ್ಲೆಯ ನೌಕರಳು. ಒಂದು ದಿನ ತಡವಾಗಿ ಸೇರ್ತೀನಿ ಅಂತ ಅವರಿಗೆ ಫೋನ್ ಮಾಡು."

"ನೇಮಕದ ತಾರೀಖನ್ನ ಹೋದ ವಾರ ಜಿಲ್ಲಾ ಮಂಡಳಿ ಸಭೇಲಿ ಪಾಸು ಮಾಡಿದ್ದಾರೆ. ಬದಲಾಯಿಸೋಕೆ ಮತ್ತೆ ಸಭೆ ಸೇರ್ಬೇಕು. ಅದು ಮೇ ಕೊನೇಲಿ."

ಲೊರೇನ್ ತಾನೇ ಜಿಲ್ಲಾ ಕಚೇರಿಗೆ ಫೋನು ಮಾಡಿ ನೋಡಿದಳು. ಮಂಡಳಿ, ಸಭೆ, ಮೇ ಕೊನೆ ಎಂದು ಅಲ್ಲಿನ ಹೆಂಗಸು ಅದೇ ಮೂರು ಮಾತನ್ನು ಅದೇ ವರಸೆಯಲ್ಲಿ ಹೇಳಿದಳು. ಇವರೆಲ್ಲ ಒಂದೇ ಹಾಲು ಕುಡಿದು ಬೆಳೆದವರು ಎಂದುಕೊಂಡು ಲೊರೇನ್ ಫೋನಿಟ್ಟಳು.

ಮಧ್ಯಾಹ್ನ ಪ್ರುಯಿಟ್‌ನ ಕೋಣೆಗೆ ಹೋದರೆ ಅವನು ಸ್ಯಾಂಡ್‌ವಿಚ್ ತಿನ್ನುತ್ತ, "ಭಾನುವಾರ ಅಂತ ಬರೆದು ನೀನೇ ಏನೋ ಗೀಚಿಬಿಡು. ಯಾರು ನೋಡ್ತಾರೆ?" ಅಂದ.

"ರೀಕಾ ನೋಡ್ತಾಳೆ! ನೋಡಿ ಪಾದ್ರಿಗೆ ಹೇಳ್ತಾಳೆ, ಪೇರೋಲ್‌ನವರಿಗೂ ಹೇಳ್ತಾಳೆ! ಅವಳು ಎಂಥವಳು ಅಂತ ಐದು ವರ್ಷದಲ್ಲಿ ನಿಮಗೆ ಗೊತ್ತಾಗ್ಲಿಲ್ವಾ?"

"ಗೊತ್ತು. ಅವಳ ಅಂಕಿಅಂಶಗಳನ್ನ ಒಂದ್ಸಲಾನೂ ನಾನು ಮತ್ತೆ ಪರೀಕ್ಷೆ ಮಾಡಿಲ್ಲ." ಪ್ರುಯಿಟ್ ಸ್ಯಾಂಡ್‌ವಿಚ್ ಕೆಳಗಿಟ್ಟ. ಮೊದಲ ಸಲ ಅವನ ಮುಖದಲ್ಲಿ ಗಾಬರಿ ಕಂಡಿತು. "ಆ ಕಾಗದ ಅವತ್ತೇ ನಿನ್ನ ಕೈಗೆ ಕೊಟ್ಟಿದ್ರೆ ಸರಿಹೋಗ್ತಿತ್ತಾ, ಲೊರೇನ್?"

"ಹೋಗ್ತಿತ್ತು. ಮಂಡಳಿ ಸಭೆಗೆ ಮುಂಚೆ ತಾರೀಖು ಬದಲಾಯಿಸಬಹುದಿತ್ತು." ಅವನು ತಲೆ ತಗ್ಗಿಸಿದ. ಅದನ್ನು ನೋಡಿ ಅವಳಿಗೆ ಸ್ವಲ್ಪ ಸಮಾಧಾನವಾಯಿತು ಎಂದು ಹೇಳಲೇಬೇಕು.

ಉಳಿದಿದ್ದವಳು ಸಂಬಳದ ಲೆಕ್ಕ ನೋಡುವ ಪೇರೋಲ್ ವಿಭಾಗದ ಮಾರ್ಲಿಸ್ ಟ್ವೆಟ್. ಮಾರ್ಲಿಸ್ ಮತ್ತು ಲೊರೇನ್ ಚೆಂಡು ಉರುಳಿಸಿ ಪಿನ್ನು ಬೀಳಿಸುವ ಬುಧವಾರದ ಬೌಲಿಂಗ್ ಆಟದಲ್ಲಿ ಹತ್ತೊಂಬತ್ತು ವರ್ಷದಿಂದ ಒಂದೇ ತಂಡ. ಅಲ್ಲಿ ಮಾರ್ಲಿಸ್ ಬಿಯರ್ ಕುಡಿದು ಹಾಡು ಹೇಳುವವಳು. ಕಚೇರಿಯ ಕುರ್ಚಿಯಲ್ಲಿ ಕೂತರೆ ಮಾತ್ರ ಬಡಪೆಟ್ಟಿಗೆ ಬಗ್ಗುವವಳಲ್ಲ. ಅವತ್ತು ಸಂಜೆ ಬೌಲಿಂಗ್‌ನಲ್ಲೇ ಲೊರೇನ್ ವಿಷಯ ತೆಗೆದಳು.

"ನಿಂಗೆ ಅರ್ಥವಾಗುತ್ತೆ ಮಾರ್ಲಿಸ್. ಎರಡೇ ದಿನದ ಮಾತು."

"ಪೂರ್ತಿ ಅರ್ಥವಾಗುತ್ತೆ," ಎಂದಳು ಮಾರ್ಲಿಸ್. ಮಾರ್ಲಿಸ್ ಪೂರ್ತಿ ಅರ್ಥವಾಗುತ್ತೆ ಅಂದರೆ ಏನೂ ಆಗುವುದಿಲ್ಲ ಎಂದೇ ತಿಳಿಯಬೇಕು. "ಆದ್ರೆ ಮಾಫಿ ಉಳೀಬೇಕು ಅಂದ್ರೆ ತೊಂಬತ್ತೊಂದನೇ ದಿನ ಅವಳು ಕೆಲಸದಲ್ಲಿ ಇದ್ಳು ಅಂತ ಕಾಗದ ಬೇಕು. ಭಾನುವಾರ ಅಂದ್ರೆ ವಾರಾಂತ್ಯದ ಫಾರ್ಮು. ಅದೂ ಆ ದಿನ ಅವಳ ಮಾಮೂಲಿ ಕೆಲಸ ಇದ್ರೆ ಮಾತ್ರ. ಮಾಫಿ ಉಳಿಸ್ಕೊಳ್ಳೋಕೆ ಹೊಸದಾಗಿ ಹುಟ್ಟಿಸಿದ ಕೆಲಸ ನಡೆಯಲ್ಲ."

"ಅವಳು ಭಾನುವಾರ ಪೆನ್ನೂ ಮುಟ್ಟಲ್ಲ ಕಣೇ."

"ಹಾಗಾದ್ರೆ ನಾನೇನು ಮಾಡ್ಲಿ? ಸೋಮವಾರ ಬೆಳಿಗ್ಗೆ ಎಂಟಕ್ಕೆ ಪಟ್ಟಿ ಮುಚ್ಚುತ್ತೆ. ನಿನ್ನ ಸರದಿ, ಚೆಂಡು ಎಸಿ."

ಲೊರೇನ್ ಎಸೆದ ಚೆಂಡು ಒಂದು ಪಿನ್ನನ್ನೂ ಮುಟ್ಟದೆ ನೇರ ಪಕ್ಕದ ಚರಂಡಿಗೆ ಹೋಯಿತು.

ಗುರುವಾರವೆಲ್ಲ ಅವಳು ನಿಯಮಗಳ ಪುಸ್ತಕದಲ್ಲಿ ತಲೆ ಹುದುಗಿಸಿಕೊಂಡು ಕೂತಳು. ಕಾಯಿಲೆ ರಜೆ ನೋಡಿದಳು, ಸಾವಿನ ರಜೆ ನೋಡಿದಳು, ಸೈನ್ಯಕ್ಕೆ ಸೇರಿದವರ ವಿನಾಯಿತಿ ನೋಡಿದಳು. ರೀಕಾಳಿಗೆ ಕಾಯಿಲೆ ಇರಲಿಲ್ಲ, ಯಾರೂ ಸತ್ತಿರಲಿಲ್ಲ, ಅವಳನ್ನು ಎರಡು ದಿನದಲ್ಲಿ ಸೈನ್ಯಕ್ಕೆ ಸೇರಿಸುವುದೂ ಕಷ್ಟವಿತ್ತು. ಸಂಜೆ ಹೊತ್ತಿಗೆ ತಲೆ ಚಿಟ್ಟು ಹಿಡಿದಿತ್ತು. ನಿಜ ಹೇಳಬೇಕೆಂದರೆ ಅವಳಿಗೆ ನಿಯಮದ ಮೇಲೆ ಇದ್ದ ಸಿಟ್ಟಿಗಿಂತ ರೀಕಾಳ ಮೇಲೆ ಸಿಟ್ಟು ಹೆಚ್ಚಾಗಿತ್ತು. ಮೋಸ ಮಾಡುವ ಹುಡುಗರನ್ನು ಲೊರೇನ್ ಬೇಕಾದಷ್ಟು ನೋಡಿದ್ದಳು, ಅವರನ್ನು ಹೇಗೆ ಪಾರು ಮಾಡಬೇಕೆಂದೂ ಕಲಿತಿದ್ದಳು. ಇಷ್ಟೊಂದು ಪ್ರಾಮಾಣಿಕಳನ್ನು ಪಾರು ಮಾಡುವುದು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಕಾಫಿ ಕೋಣೆಯಲ್ಲಿ ಬೀಳ್ಕೊಡುಗೆ. ಅಂಗಡಿಯಿಂದ ತಂದ ದೊಡ್ಡ ಕೇಕಿನ ಮೇಲೆ ನೀಲಿ ಸಕ್ಕರೆಯಲ್ಲಿ ರೀಕಾಳ ಹೆಸರು, ಪಕ್ಕದಲ್ಲಿ ಹಸುವೋ ನಾಯಿಯೋ ತಿಳಿಯದ ಒಂದು ಪ್ರಾಣಿ. ಹದಿನೈದು ಜನ ಕಾಗದದ ತಟ್ಟೆ ಹಿಡಿದು ನಿಂತಿದ್ದರು. ಏನೂ ಗೊತ್ತಿಲ್ಲದವರು ನಗುತ್ತಿದ್ದರು. ರೀಕಾ ಎಲ್ಲರಿಗೂ ಒಂದೊಂದು ಧನ್ಯವಾದದ ಚೀಟಿ ಬರೆದು ತಂದಿದ್ದಳು. ಲೊರೇನಳ ಚೀಟಿಯಲ್ಲಿ 'ನನಗಾಗಿ ಪಟ್ಟ ಪಾಡಿಗೆ ಕ್ಷಮಿಸಿ' ಎಂದಿತ್ತು. ಅದನ್ನು ಮಡಿಸಿ ಜೇಬಿಗಿಟ್ಟು ಅವಳು ಕೇಕಿನ ತಟ್ಟೆ ಎತ್ತಿಕೊಂಡಳು.

ಆಗ ಡಾರ್ವಿನ್ ಸ್ಟೆಗಾಲ್ ಎಂಬ ಎರಡನೆಯ ವರ್ಷದವನು ಬಾಯಿತುಂಬ ಕೇಕಿಟ್ಟುಕೊಂಡೇ ಹೇಳಿದ: "ಎಲ್ಲಾ ಸರಿ ರೀಕಾ, ಭಾನುವಾರದ ಕರುಗಳನ್ನ ಯಾರ ತಲೆಗೆ ಕಟ್ಟಿ ಹೋಗ್ತಿದ್ದೀಯ? ನನ್ನ ಕೈಲಂತೂ ಬೆಳಿಗ್ಗೆ ಐದೂವರೆಗೆ ಏಳೋಕಾಗಲ್ಲಪ್ಪ!"

ಲೊರೇನಳ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. "ಭಾನುವಾರದ ಕರು? ಯಾವ ಕರು?"

"ರೀಕಾಳ ಹನ್ನೆರಡು ಕರು. ಡೇರಿ ಆಳುಗಳು ಸೋಮವಾರದಿಂದ ಶನಿವಾರದ ತನಕ ನೋಡ್ಕೋತಾರೆ. ಭಾನುವಾರ ಬೆಳಿಗ್ಗೆ ಬಾಟಲಿ ಹಾಲು ಕುಡಿಸೋದು ರೀಕಾನೇ. ನಾನು ಬಂದಾಗಿಂದ ಹಾಗೇ ನಡೀತಿದೆ."

ಲೊರೇನ್ ತಟ್ಟೆ ಕೆಳಗಿಟ್ಟು ರೀಕಾಳ ಮೊಣಕೈ ಹಿಡಿದು ಹೊರಗಿನ ಹಜಾರಕ್ಕೆ ಹೆಚ್ಚುಕಮ್ಮಿ ಎಳೆದುಕೊಂಡೇ ಹೋದಳು.

"ಎಷ್ಟು ವರ್ಷದಿಂದ?"

"ಏನು?"

"ಕರು! ಭಾನುವಾರ! ಎಷ್ಟು ವರ್ಷದಿಂದ ಕುಡಿಸ್ತಿದ್ದೀಯ?"

"ಶುರುವಿಂದ. ಐದು ವರ್ಷ."

"ಒಂದು ದಿನಾನಾದ್ರೂ ಕೆಲಸದ ಹಾಳೇಲಿ ಬರೆದಿದ್ದೀಯಾ?"

"ಅದು ಕೆಲಸ ಅಲ್ವಲ್ಲ, ಲೊರೇನ್." ರೀಕಾಳಿಗೆ ಈ ಪ್ರಶ್ನೆಯೇ ವಿಚಿತ್ರವೆನಿಸಿದಂತಿತ್ತು. "ಹೊಟ್ಟೆಗೆ ಭಾನುವಾರ ಅಂತ ಗೊತ್ತಾಗುತ್ತಾ? ನಮ್ಮಜ್ಜ ಎಂಬತ್ತು ವರ್ಷ ಭಾನುವಾರ ನೇಗಿಲು ಮುಟ್ಲಿಲ್ಲ, ಆದ್ರೆ ಹಾಲು ಕರೀದೆ ಒಂದು ಭಾನುವಾರಾನೂ ಬಿಡ್ಲಿಲ್ಲ. ಹಸಿದ ಪ್ರಾಣಿಗೆ ಹಾಕೋದು ದಯೆ. ಅದಕ್ಕೆ ಚರ್ಚಲ್ಲೂ ಅಡ್ಡಿ ಇಲ್ಲ."

"ಈ ಭಾನುವಾರಾನೂ ಹೋಗ್ತೀಯಾ?"

"ಹೋಗ್ಲೇಬೇಕಲ್ಲ. ಮುಂದಿನ ವಾರದಿಂದ ತಾನೇ ಬೇರೆಯವರು ಬರೋದು."

ಲೊರೇನ್ ಗೋಡೆಗೆ ಒರಗಿ ನಿಂತಳು. ಮೂರು ದಿನ ತಾನು ಸಾವಿನ ರಜೆ, ಸೈನ್ಯದ ರಜೆ ಹುಡುಕುತ್ತ ಸತ್ತಿದ್ದೇನೆ. ಇವಳು ಆ ಹೊತ್ತೆಲ್ಲ ಕೊಟ್ಟಿಗೆಯನ್ನು ಜೇಬಿನಲ್ಲಿಟ್ಟುಕೊಂಡು ಬಾಯಿ ಮುಚ್ಚಿಕೊಂಡು ಕೂತಿದ್ದಾಳೆ!

"ಬುಧವಾರವೇ ಇದನ್ನ ಬಾಯಿಬಿಟ್ಟು ಹೇಳೋಕೇನಾಗಿತ್ತು ನಿಂಗೆ?"

"ನೀವು ಕೆಲಸ ಅಂದ್ರಿ. ಕರುಗಳ ಬಗ್ಗೆ ಕೇಳ್ಲಿಲ್ಲ."

ಅವಳನ್ನು ಅಲ್ಲೇ ಬಿಟ್ಟು ಲೊರೇನ್ ಮೆಟ್ಟಿಲಿಳಿದು, ಗಾಳಿಗೆ ಕೂದಲು ಹಾರಿಸಿಕೊಂಡು, ಎರಡು ಕಟ್ಟಡ ದಾಟಿ ಮಾರ್ಲಿಸ್‌ಳ ಮುಂದೆ ಏದುಸಿರು ಬಿಡುತ್ತ ನಿಂತಳು. ಮಾರ್ಲಿಸ್ ಪೂರ್ತಿ ಕೇಳಿಸಿಕೊಂಡಳು. ಮಾಮೂಲಿ ಕೆಲಸವೇ? ಹೌದು. ಹೊಸದಾಗಿ ಹುಟ್ಟಿಸಿದ್ದಲ್ಲವೇ? ಐದು ವರ್ಷದ ಕರುಗಳೇ ಸಾಕ್ಷಿ. ಕೊನೆಗೆ ಕಪಾಟಿನ ಅಡಿಯಿಂದ ಹಳದಿ ಬಣ್ಣದ ಒಂದು ಫಾರ್ಮು ತೆಗೆದು ಧೂಳು ಒರೆಸಿದಳು.

"ಮೇಲ್ವಿಚಾರಕರೊಬ್ಬರು ಎದುರಿಗಿದ್ದು ಕಣ್ಣಾರೆ ನೋಡ್ಬೇಕು. ಆಮೇಲೆ ಇಬ್ಬರದೂ ಸಹಿ. ಅದೇ ಜಾಗದಲ್ಲಿ, ಅದೇ ದಿನ. ಹಿಂದಿನ ದಿನ ಹಾಕಿದ್ದೂ ನಡೆಯಲ್ಲ, ಮಾರನೇ ದಿನ ಹಾಕಿದ್ದೂ ನಡೆಯಲ್ಲ."

"ಯಾಕಪ್ಪ ಅದು?"

"ಒಂದು ಕಾಲದಲ್ಲಿ ಮೂವತ್ತು ಜನ ಇಲ್ಲದ ಕೋಳಿಗೆ ಕಾಳು ಹಾಕಿದ್ದೀವಿ ಅಂತ ಬರೆದಿದ್ದಾರೆ, ಅದಕ್ಕೆ. ಪ್ರುಯಿಟ್ ಬರ್ತಾನಾ?"

ಪ್ರುಯಿಟ್ ಆ ಭಾನುವಾರ ಮಗಳ ಮನೆಯಲ್ಲಿ, ನಾಲ್ಕು ನೂರು ಮೈಲಿ ದೂರದಲ್ಲಿ. "ಕಚೇರಿ ಮೇಲ್ವಿಚಾರಕಿ ನಾನೇ, ನನ್ನ ಹೆಸರು ಬರ್ಕೋ," ಎಂದಳು ಲೊರೇನ್.

ಭಾನುವಾರ ಬೆಳಿಗ್ಗೆ ಐದೂ ಮುಕ್ಕಾಲಿಗೆ ಅವಳು ವಿಶ್ವವಿದ್ಯಾಲಯದ ಡೇರಿಯ ಅಂಗಳದಲ್ಲಿ ಕಾರು ನಿಲ್ಲಿಸಿದಳು. ಇಪ್ಪತ್ತಾರು ವರ್ಷ ಪಶುವಿಜ್ಞಾನ ವಿಭಾಗದಲ್ಲಿ ಕೆಲಸ ಮಾಡಿದ್ದರೂ ಪಶುಗಳ ಹತ್ತಿರ ಹೋಗುವ ಪ್ರಸಂಗ ಬಂದಿರಲಿಲ್ಲ. ಒಂದೇ ಹೆಜ್ಜೆಗೆ ಶೂ ಕೆಸರಿನಲ್ಲಿ ಮುಳುಗಿತು. ಕರುಗಳ ಕೊಟ್ಟಿಗೆಯಲ್ಲಿ ದೀಪ ಉರಿಯುತ್ತಿತ್ತು. ರೀಕಾ ಹಳೆಯ ಮೇಲಂಗಿ ಹಾಕಿಕೊಂಡು ಬಿಸಿನೀರಿನಲ್ಲಿ ಹಾಲಿನ ಬಾಟಲಿಗಳನ್ನು ಇಟ್ಟಿದ್ದಳು. ಹನ್ನೆರಡು ಕರುಗಳೂ ಒಟ್ಟಿಗೆ ಅರಚುತ್ತಿದ್ದವು.

ಲೊರೇನ್ ಮೂಲೆಯ ಬಕೆಟ್ಟೊಂದನ್ನು ಬೋರಲು ಹಾಕಿ ಕೂತು ನೋಡಿದಳು. ಕಣ್ಣಾರೆ ನೋಡಬೇಕೆಂದು ನಿಯಮವಿತ್ತು, ಹಾಗಾಗಿ ನೋಡಿದಳು. ರೀಕಾ ಪ್ರತಿ ಕರುವಿನ ಬಾಯಿಗೆ ಬಾಟಲಿ ಇಡುವ ಮೊದಲು ಅದರ ಕಿವಿಯ ಬುಡ ಮುಟ್ಟಿ ಜ್ವರ ನೋಡುತ್ತಿದ್ದಳು. ಕುಡಿಯಲು ತಕರಾರು ಮಾಡಿದ ಒಂದಕ್ಕೆ ಬೆರಳು ಚೀಪಿಸಿ ಉಪಾಯವಾಗಿ ಬಾಟಲಿಗೆ ದಾಟಿಸಿದಳು. ಒಂದು ಮಾತಿಲ್ಲ, ಅವಸರವಿಲ್ಲ. ಇದಕ್ಕೆ ಕೆಲಸ ಎಂದು ಹೆಸರಿಡದೆ ಐದು ವರ್ಷ ಹೇಗೆ ಮಾಡಿದಳೋ ಎಂದು ಲೊರೇನ್ ಬೆರಗಾದಳು. ಅಷ್ಟು ಹೊತ್ತಿಗೆ ಕಿವಿಯ ಬಿಲ್ಲೆಯಲ್ಲಿ 318 ಎಂದಿದ್ದ ಒಂದು ಕೆಂಚು ಕರು ಅವಳ ಕೋಟಿನ ತುದಿಯನ್ನು ಬಾಯಿಗೆ ಹಾಕಿಕೊಂಡು ಜಗಿಯತೊಡಗಿತು. ಬೆರಗು ಅಲ್ಲಿಗೆ ಮುಗಿಯಿತು.

ಹನ್ನೊಂದು ಕರುಗಳಾದ ಮೇಲೆ ರೀಕಾ 318ರ ಕಡೆಗೆ ಬಂದಳು. ಬಾಯಿಗೆ ಬಾಟಲಿ ಬಂದದ್ದೇ ತಡ, ಕರು ಕೋಟು ಬಿಟ್ಟಿತು. ಲೊರೇನ್ ಎದ್ದು ಹಳದಿ ಫಾರ್ಮು ಸಿಕ್ಕಿಸಿದ ಹಲಗೆಯನ್ನೂ ಪೆನ್ನನ್ನೂ ಮುಂದೆ ಚಾಚಿದಳು.

"ಆಯ್ತು, ನೋಡಿದೆ. ಎಲ್ಲಾ ತುಂಬಿದ್ದೀನಿ. 'ಕರುಗಳಿಗೆ ಹಾಲು ಕುಡಿಸಿದ್ದು' ಅಂತ ಮಾತ್ರ ಬರೆದಿದ್ದೀನಿ, ಒಂದಕ್ಷರ ಸುಳ್ಳಿಲ್ಲ. ಇಲ್ಲಿ ಸಹಿ."

ರೀಕಾ ಓದಿದಳು. ತಲೆಯಾಡಿಸಿದಳು. "ಸರಿಯಾಗಿದೆ. ನಾಳೆ ಬೆಳಿಗ್ಗೆ ನಾಲ್ಕಕ್ಕೆ ಊರು ಬಿಡ್ತೀನಿ. ಹೋಗ್ತಾ ನಿಮ್ಮ ಮನೆ ಹತ್ತಿರ ನಿಲ್ಲಿಸಿ ಹಾಕ್ತೀನಿ."

"ನಾಳೆ ಅಲ್ಲ. ಈಗ. ಇವತ್ತಿನ ತಾರೀಖಿಗೆ ಇವತ್ತೇ."

"ಇವತ್ತು ಆಗಲ್ಲ, ಲೊರೇನ್."

"ಯಾಕಾಗಲ್ಲ?"

"ಕರುಗೆ ಕುಡಿಸೋದು ದಯೆ. ಸಂಬಳದ ಕಾಗದಕ್ಕೆ ಸಹಿ ಹಾಕೋದು ವ್ಯವಹಾರ. ಭಾನುವಾರ ವ್ಯವಹಾರ ಮಾಡಲ್ಲ."

ಲೊರೇನಳ ತಾಳ್ಮೆ ಅಲ್ಲಿಗೆ ಕಿತ್ತುಹೋಯಿತು. "ನಿನ್ನ ದಯೆಗೆ ಬೆಂಕಿ ಬೀಳ! ನನ್ನ ಮೇಲೆ ದಯೆ ಬೇಡ್ವಾ? ಅರವತ್ತರ ಹತ್ತಿರ ಬಂದಿದ್ದೀನಿ, ಮಂಡಿ ನೋಯುತ್ತೆ, ಕೆಸರಲ್ಲಿ ಶೂ ಹೋಯ್ತು, ಕೋಟು ಕರು ತಿಂದುಹಾಕ್ತು! ಐದು ವರ್ಷದ ನಿನ್ನ ಓದು ಈ ಒಂದು ಗೆರೆ ಮೇಲೆ ನಿಂತಿದೆ ಕಣೇ! ಒಂದು ಗೆರೆ! ಹೆಬ್ಬೆಟ್ಟಾದ್ರೂ ಒತ್ತು!"

ಕರುಗಳೆಲ್ಲ ಅರಚುವುದನ್ನು ನಿಲ್ಲಿಸಿ ಅವಳನ್ನೇ ನೋಡಿದವು. ರೀಕಾಳ ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು. ಎರಡೂ ಕೈಯಲ್ಲಿ ಬಾಟಲಿ ಹಿಡಿದಿದ್ದರಿಂದ ಒರೆಸಿಕೊಳ್ಳಲು ಆಗುತ್ತಿರಲಿಲ್ಲ.

"ನಂಗೂ ಗೊತ್ತು," ಎಂದಳು. "ಎರಡು ರಾತ್ರಿಯಿಂದ ನಿದ್ದೆ ಮಾಡಿಲ್ಲ. ಡಿಗ್ರಿ ಹೋದ್ರೆ ಕೆಲಸಾನೂ ಹೋಗುತ್ತೆ, ಮತ್ತೆ ಅಪ್ಪನ ಮನೆಗೆ ಹೋಗಿ ನಿಲ್ಬೇಕು. ಅಷ್ಟು ಆಸೆ ಇದೆ, ಅದಕ್ಕೇ ಭಯ. ಆಸೆ ಇದೆ ಅಂತ ಇವತ್ತು ಇದೊಂದು ಬಿಟ್ರೆ, ನಾಳೆಯಿಂದ ಯಾವುದನ್ನ ಹಿಡ್ಕೊಳ್ಲಿ?"

ಲೊರೇನ್ ಫಾರ್ಮಿನ ಕಡೆ ನೋಡಿದಳು. ಇವಳ ಪರವಾಗಿ ತಾನೇ ಗೀಚಿಬಿಡಬಹುದು, ಯಾರಿಗೂ ತಿಳಿಯುವುದಿಲ್ಲ. ಪೆನ್ನು ಫಾರ್ಮಿನ ಮೇಲಿಟ್ಟಳು ಕೂಡ. ಕಣ್ಣೆದುರು ಬಾಟಲಿ ಹಿಡಿದು ಅಳುತ್ತಿರುವವಳನ್ನು ನೋಡಿಕೊಂಡು ಅವಳ ಹೆಸರನ್ನು ಬರೆಯಲು ಕೈ ಬರಲಿಲ್ಲ. ಪೆನ್ನು ಕೆಳಗೆ ಜಾರಿ ಫಾರ್ಮಿನ ತಳಕ್ಕೆ ಬಂತು. ಅಲ್ಲಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ಅವಳು ಈವರೆಗೆ ಓದಿರದ ಒಂದು ಸಾಲಿತ್ತು. 'ನೌಕರರು ಸಹಿ ಮಾಡಲಾಗದಿದ್ದಲ್ಲಿ, ಕಾರಣ.' ಮುಂದೆ ಖಾಲಿ ಜಾಗ. ಅದರ ಕೆಳಗೆ ಮೇಲ್ವಿಚಾರಕರ ಸಹಿ.

ಲೊರೇನ್ ಒಂದು ಕ್ಷಣ ರೀಕಾಳ ಕೈಗಳನ್ನು ನೋಡಿದಳು. ಆಮೇಲೆ ಹಲಗೆಯನ್ನು ಮೊಣಕಾಲಿಗೆ ಒತ್ತಿಕೊಂಡು ಬರೆದಳು: 'ಕರುವಿಗೆ ಹಾಲು ಕುಡಿಸುತ್ತಿದ್ದಾಳೆ. ಕೈ ಬಿಡುವಿಲ್ಲ.' ಅಡಿಯಲ್ಲಿ ತನ್ನ ಸಹಿ ಹಾಕಿ, ತಾರೀಖು ಹಾಕಿ, ಗಂಟೆಯನ್ನೂ ಬರೆದಳು.

"ಏನ್ ಬರೆದ್ರಿ?" ಎಂದಳು ರೀಕಾ.

"ನಿಜ ಬರೆದೆ. ಬಾಯಿ ಮುಚ್ಕೊಂಡು ಕುಡಿಸು."

ಸೋಮವಾರ ಬೆಳಿಗ್ಗೆ ಏಳೂವರೆಗೆ ಲೊರೇನ್ ಫಾರ್ಮನ್ನು ಮಾರ್ಲಿಸ್‌ಳ ಮೇಜಿನ ಮೇಲಿಟ್ಟು ಬಂದಳು. ಅವಳು ಇನ್ನೂ ಬಂದಿರಲಿಲ್ಲ. ಎಂಟಕ್ಕೆ ಆರು ನಿಮಿಷವಿರುವಾಗ ಫೋನು ಬಂತು.

"ನೌಕರರ ಸಹಿ ಇಲ್ಲ," ಎಂದಳು ಮಾರ್ಲಿಸ್, ಕಚೇರಿಯ ದನಿಯಲ್ಲಿ.

"ಕೆಳಗೆ ನೋಡು."

ಮಾರ್ಲಿಸ್ ಕೆಳಗಿನ ಸಾಲನ್ನು ಗಟ್ಟಿಯಾಗಿ ಓದಿದಳು. ಆಮೇಲೆ ಇನ್ನೊಮ್ಮೆ ಓದಿದಳು. ಲೊರೇನ್ ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳನ್ನೇ ನೋಡುತ್ತ ಕೂತಳು.

"ಯಾವ ಕರು?" ಎಂದಳು ಮಾರ್ಲಿಸ್.

"ಆಂ?"

"ಕೈ ಬಿಡುವಿಲ್ಲ ಅಂತ ಬರೆದಿದ್ದೀಯ. ಯಾವ ಕರು ಅಂತ ಬೇಡ್ವಾ? ಆಡಿಟ್‌ನವರು ಕೇಳಿದ್ರೆ ನಾನೇನ್ ಹೇಳ್ಲಿ?"

"ಮುನ್ನೂರ ಹದಿನೆಂಟು," ಎಂದಳು ಲೊರೇನ್. "ಕೆಂಚು. ಕೋಟು ತಿನ್ನೋದು."

ಆ ಕಡೆಯಿಂದ ಕೀಲಿಮಣೆಯ ಟಕಟಕ ಕೇಳಿಸಿತು. ಮೂರು, ಒಂದು, ಎಂಟು. ಮತ್ತೊಂದು ದೊಡ್ಡ ಟಕ್.

"ತೊಂಬತ್ತೊಂದು," ಎಂದಳು ಮಾರ್ಲಿಸ್. "ಮಾಫಿ ಉಳೀತು. ಇನ್ನು ಈ ವರ್ಷ ನನ್ನ ಮುಂದೆ ಬರ್ಬೇಡ."

ಲೊರೇನ್ ಫೋನಿಟ್ಟು, ಬಾಗಿಲು ಮುಚ್ಚಿ, ಕುರ್ಚಿಯಲ್ಲಿ ಕೂತು ಚೆನ್ನಾಗಿ ಅತ್ತಳು. ಸುಸ್ತಿಗೆ ಅತ್ತಳು, ಸಿಟ್ಟಿಗೂ ಅತ್ತಳು, ಸಂತೋಷಕ್ಕೂ ಸ್ವಲ್ಪ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ರೀಕಾಳಿಗೆ ಸಂದೇಶ ಕಳಿಸಿದಳು: 'ಆಯ್ತು. ಎಲ್ಲಾ ಸರಿಹೋಯ್ತು.'

ಉತ್ತರ ಬಂದದ್ದು ಮಧ್ಯಾಹ್ನ. ಅದುವರೆಗೆ ಅವಳು ಯಾರದೋ ದನದ ಕೊಟ್ಟಿಗೆಯಲ್ಲಿ ಫೋನು ಸಿಗದ ಜಾಗದಲ್ಲಿ ಇದ್ದಿರಬೇಕು. 'ದೇವರು ದೊಡ್ಡವನು. ನೀವೂ,' ಎಂದಿತ್ತು ಮೊದಲ ಸಾಲು. ಎರಡನೆಯ ಸಾಲು ಒಂದು ನಿಮಿಷ ಬಿಟ್ಟು ಬಂತು: 'ಇವತ್ತು ಸೋಮವಾರ. ಈಗ ಸಹಿ ಹಾಕಬಹುದು. ಫಾರ್ಮು ಕಳಿಸ್ತೀರಾ?'

ಲೊರೇನ್ ಹಣೆಯನ್ನು ಮೇಜಿಗೆ ಒತ್ತಿಕೊಂಡಳು. ತಲೆ ಎತ್ತಿ, ಬಾಯಿಗೆ ಬಂದದ್ದನ್ನೆಲ್ಲ ಟೈಪು ಮಾಡಿ, ಅಷ್ಟನ್ನೂ ಅಳಿಸಿದಳು. ಕೊನೆಗೆ ಕಳಿಸಿದ್ದು ಇಷ್ಟೇ:

'ಬೇಡಮ್ಮ, ಡಾಕ್ಟರ್ ವೆಲ್ಡ್‌ಹೈಜನ್. ನಿನ್ನ ಕೆಲಸ ನೋಡ್ಕೋ.'